ಮರುಪ್ರವೇಶದ ವಿಜ್ಞಾನ ಮತ್ತು ಬೆಳುವಲದ ಪದಸಂಪತ್ತು

೧

ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ದೊರೆತು ಬಹುಕಾಲವಾಗಿದೆ. ಬೆಳ್ಳಾವೆ ವೆಂಕಟನಾರಣಪ್ಪ ಹಾಗೂ ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ೧೯೧೮ರ ಸುಮಾರಿಗೆ ನಡೆಸಿದ ‘ವಿಜ್ಞಾನ’ ಮಾಸಪತ್ರಿಕೆ, ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆ ಇವೆಲ್ಲ ಆ ಉತ್ತರದ ಭಾಗಗಳೇ. ನಮ್ಮ ಕಾಲಕ್ಕೆ ಉಳಿದಿರುವುದು ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಶ್ನೆ. ಹಾಗೆ ಹೇಳಲು ನಾವು ಆರಿಸಿಕೊಂಡ ಪದಗಳು ಆ ವಿಜ್ಞಾನವನ್ನೇ ಹೇಳುತ್ತಿವೆಯೇ, ಅಥವಾ ಅದರ ಜಾಗದಲ್ಲಿ ಬೇರೊಂದು ಕಲ್ಪನೆಯನ್ನು ಓದುಗನ ಮನಸ್ಸಿನಲ್ಲಿ ನೆಲೆಗೊಳಿಸುತ್ತಿವೆಯೇ? ಈ ಪ್ರಶ್ನೆಯನ್ನು ಭೌತವಿಜ್ಞಾನದ ಅಧ್ಯಾಪಕರು ಎತ್ತುವುದು ವಿರಳ. ಅವರ ಪರಿಭಾಷೆ ಇಂಗ್ಲಿಷಿನದು. ಕನ್ನಡ ಅಧ್ಯಾಪಕರು ಎತ್ತುವುದೂ ವಿರಳ. ಇದು ತಮ್ಮ ಕ್ಷೇತ್ರವಲ್ಲವೆಂದು ನಾವು ಭಾವಿಸಿದ್ದೇವೆ. ಪದದ ಅರ್ಥವನ್ನು ಪರೀಕ್ಷಿಸುವ ಕೆಲಸ ಕನ್ನಡ ವಿಭಾಗದ್ದಲ್ಲವಾದರೆ ಮತ್ತಾರದ್ದು ಎಂಬುದು ಪ್ರಸ್ತುತ ಲೇಖನದ ಆಶಯ.

ಪರೀಕ್ಷೆಗೆ ಒಂದೇ ವಿಷಯವನ್ನು ಆರಿಸಿಕೊಳ್ಳಲಾಗಿದೆ: ಬಾಹ್ಯಾಕಾಶದಿಂದ ಮರಳುವ ನೌಕೆ ಅತಿವೇಗದಲ್ಲಿ ವಾತಾವರಣವನ್ನು ಹೊಗುವಾಗ ಹುಟ್ಟುವ ಉರಿ, ಹಾಗೂ ಆ ಉರಿಯಿಂದ ನೌಕೆ ಪಾರಾಗುವ ಬಗೆ. ಇದು ಇನ್ನು ದೂರದ ದೇಶಗಳ ಸುದ್ದಿಯಾಗಿ ಉಳಿದಿಲ್ಲ. ೨೦೦೭ರ ಜನವರಿ ೧೦ರಂದು ಪಿಎಸ್‌ಎಲ್‌ವಿ-ಸಿ೭ ವಾಹನದಲ್ಲಿ ಹಾರಿದ ಎಸ್‌ಆರ್‌ಇ-೧ ಎಂಬ ಸುಮಾರು ೫೫೦ ಕಿಲೋಗ್ರಾಂ ತೂಕದ ಕೋಶ ಹನ್ನೆರಡು ದಿನ ಭೂಮಿಯನ್ನು ಸುತ್ತಿ, ಜನವರಿ ೨೨ರಂದು ಬಂಗಾಳ ಕೊಲ್ಲಿಗೆ ಇಳಿಯಿತು. ಕಕ್ಷೆಯಿಂದ ಮರಳಿ ತಂದ ಭಾರತದ ಮೊದಲ ಕೋಶ ಅದು. ೨೦೧೪ರ ಡಿಸೆಂಬರ್ ೧೮ರಂದು ‘ಕೇರ್’ ಎಂಬ ಪ್ರಯೋಗದಲ್ಲಿ ಮನುಷ್ಯರನ್ನು ಒಯ್ಯಬಲ್ಲ ಗಾತ್ರದ ಕೋಶವೊಂದು ಸುಮಾರು ೧೨೬ ಕಿಲೋಮೀಟರ್ ಎತ್ತರಕ್ಕೆ ಏರಿ ಮರಳಿತು. ೨೦೧೮ರ ಆಗಸ್ಟ್ ೧೫ರಂದು ಗಗನಯಾನ ಯೋಜನೆ ಘೋಷಿತವಾಯಿತು. ೨೦೨೫ರ ಜುಲೈ ೧೫ರಂದು ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಮರಳಿದಾಗ ಈ ವಿಷಯ ಮನೆಮನೆಯ ಮಾತಾಯಿತು.

ಇಂಥ ಸಂದರ್ಭಗಳಲ್ಲಿ ನಮ್ಮ ಪಠ್ಯಗಳಲ್ಲಿ, ಪತ್ರಿಕೆಗಳಲ್ಲಿ, ತರಗತಿಯ ಟಿಪ್ಪಣಿಗಳಲ್ಲಿ ಸಾಮಾನ್ಯವಾಗಿ ಕಾಣುವ ವಿವರಣೆಯ ಸಾರ ಇಷ್ಟು: ವಾತಾವರಣದೊಡನೆ ನಡೆಯುವ ಘರ್ಷಣೆಯಿಂದ ನೌಕೆ ಬಿಸಿಯಾಗುತ್ತದೆ, ಉಷ್ಣ ಕವಚವು ಆ ಉಷ್ಣವನ್ನು ತಡೆಯುತ್ತದೆ, ಇದರ ಜೊತೆಗೆ ವಿಕಿರಣವೂ ಉಂಟಾಗುತ್ತದೆ. ವಾಕ್ಯಗಳು ವ್ಯಾಕರಣಶುದ್ಧವಾಗಿವೆ. ಆದರೆ ಅವುಗಳ ಮೂರು ಮುಖ್ಯ ಪದಗಳೂ ಓದುಗನನ್ನು ದಾರಿ ತಪ್ಪಿಸುತ್ತವೆ. ಅದು ಹೇಗೆಂಬುದನ್ನು ಒಂದು ಸರಳ ಒರೆಗಲ್ಲಿನಿಂದ ನೋಡಬಹುದು. ಪಾರಿಭಾಷಿಕ ಪದವನ್ನು ಕೇಳಿದ ವಿದ್ಯಾರ್ಥಿ, ಅದರ ಅರ್ಥದ ಬಲದಿಂದ, ಮುಂದೇನಾಗಬಹುದೆಂದು ಊಹಿಸುತ್ತಾನೆ. ಊಹೆ ಸರಿಬಂದರೆ ಪದ ಯೋಗ್ಯವಾದುದು. ತಪ್ಪಿದರೆ ಪದವನ್ನು ಮರುಪರಿಶೀಲಿಸಬೇಕು.

೨

ಮೊದಲನೆಯದು ‘ಘರ್ಷಣೆ’. ಈ ಪದವನ್ನು ನಂಬಿದ ವಿದ್ಯಾರ್ಥಿಯ ಊಹೆ ಏನಿರಬಹುದು? ಉಜ್ಜುವುದರಿಂದ ಬಿಸಿ ಹುಟ್ಟುವುದಾದರೆ ಉಜ್ಜುವ ಮೇಲ್ಮೈ ಕಡಿಮೆಯಾಗಬೇಕು, ನುಣುಪಾಗಬೇಕು. ಆದ್ದರಿಂದ ಮರಳಿ ಬರುವ ನೌಕೆಗೆ ಸೂಜಿಯಂಥ ಚೂಪು ಮೂತಿ ಇದ್ದರೆ ಒಳ್ಳೆಯದು. ವಾಸ್ತವದಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಎಸ್‌ಆರ್‌ಇ-೧, ಕೇರ್, ಅಪೊಲೊ, ಡ್ರ್ಯಾಗನ್ ಇವುಗಳಲ್ಲಿ ಯಾವುದಕ್ಕೂ ಉರಿಯನ್ನು ಎದುರಿಸುವ ಮುಖ ಚೂಪಾಗಿಲ್ಲ, ಎಲ್ಲವೂ ಮೊಂಡು.

ಕಾರಣ ಸ್ಪಷ್ಟವಾಗಿದೆ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು ೭.೮ ಕಿಲೋಮೀಟರ್. ಈ ವೇಗದಲ್ಲಿ ಅದರ ಪ್ರತಿಯೊಂದು ಕಿಲೋಗ್ರಾಮಿನಲ್ಲಿಯೂ ಸುಮಾರು ೩೦ ಮೆಗಾಜೂಲ್ ಚಲನಶಕ್ತಿ ಇರುತ್ತದೆ. ಸುಮಾರು ೧೧ ಕಿಲೋ ತಣ್ಣೀರನ್ನು ಕುದಿಸಿ ಪೂರ್ತಿಯಾಗಿ ಆವಿಯಾಗಿಸಲು ಅಷ್ಟು ಸಾಕು. ನೌಕೆ ನಿಲ್ಲಬೇಕಾದರೆ ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ನೌಕೆ ಶಬ್ದಕ್ಕಿಂತ ಹಲವು ಪಟ್ಟು ವೇಗದಲ್ಲಿ ಬರುವುದರಿಂದ ಎದುರಿನ ಗಾಳಿಗೆ ಸರಿದು ದಾರಿಬಿಡಲು ಅವಕಾಶವೇ ಇರುವುದಿಲ್ಲ. ಅದು ನೌಕೆಯ ಮುಂದೆ ಒಂದು ತೆಳುವಾದ ಪದರದಲ್ಲಿ ಒಮ್ಮೆಗೇ ಅದುಮಲ್ಪಟ್ಟು ಕಾದುಬಿಡುತ್ತದೆ. ಈ ಪದರದ ಹೊರ ಅಂಚೇ ಆಘಾತ ತರಂಗ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಕಂಡವರಿಗೆ ಅದುಮಿದ ಗಾಳಿ ಕಾಯುತ್ತದೆಂಬುದು ಹೊಸ ಮಾತಲ್ಲ. ಚಂದ್ರನಿಂದ ಸೆಕೆಂಡಿಗೆ ಸುಮಾರು ೧೧ ಕಿಲೋಮೀಟರ್ ವೇಗದಲ್ಲಿ ಮರಳಿದ ಅಪೊಲೊ ನೌಕೆಗಳ ಮುಂದಿನ ಗಾಳಿ ಸುಮಾರು ೧೧,೦೦೦ ಕೆಲ್ವಿನ್‌ವರೆಗೆ ಕಾದಿತ್ತೆಂದು ಲೆಕ್ಕ. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು ೫,೮೦೦ ಕೆಲ್ವಿನ್ ಎಂಬುದನ್ನು ಇಲ್ಲಿ ನೆನೆಯಬಹುದು. ಈ ಬಿಸಿಯಲ್ಲಿ ಆಮ್ಲಜನಕ, ಸಾರಜನಕಗಳ ಅಣುಗಳು ಒಡೆದು ಪರಮಾಣುಗಳಾಗುತ್ತವೆ. ಅವುಗಳಲ್ಲಿ ಕೆಲವು ಎಲೆಕ್ಟ್ರಾನುಗಳನ್ನೂ ಕಳೆದುಕೊಳ್ಳುತ್ತವೆ.

ಮೊಂಡು ಮೂತಿಯ ಪ್ರಯೋಜನ ಇಲ್ಲಿಯೇ ಇದೆ. ಚೂಪು ಮೂತಿಗೆ ಆಘಾತ ತರಂಗ ಅಂಟಿಕೊಂಡೇ ಇರುತ್ತದೆ. ಮೊಂಡು ಮೂತಿಯಿಂದ ಅದು ದೂರ ಸರಿದು ನಿಲ್ಲುತ್ತದೆ. ಆಗ ಶಕ್ತಿಯ ಬಹುಪಾಲು ಗಾಳಿಯನ್ನು ಕಾಯಿಸಲು ವ್ಯಯವಾಗಿ, ಆ ಗಾಳಿ ನೌಕೆಯನ್ನು ಬಳಸಿ ಹಿಂದೆ ಹರಿದುಹೋಗುತ್ತದೆ. ನೌಕೆಗೆ ತಗಲುವುದು ಒಂದು ಸಣ್ಣ ಪಾಲು ಮಾತ್ರ. ಅಮೆರಿಕೆಯ ಹ್ಯಾರಿ ಜೂಲಿಯನ್ ಆಲೆನ್ ಅವರು ೧೯೫೧ರಲ್ಲಿ ಈ ತತ್ತ್ವವನ್ನು ಕಂಡುಕೊಂಡ ಮೇಲೆಯೇ ಮನುಷ್ಯರನ್ನು ಜೀವಂತವಾಗಿ ಮರಳಿ ತರುವ ಕೋಶಗಳ ಆಕಾರ ನಿಶ್ಚಿತವಾಯಿತು. ಗಾಳಿಯ ಪದರಗಳ ನಡುವಣ ತಿಕ್ಕಾಟಕ್ಕೆ ಈ ಇಡೀ ಕ್ರಿಯೆಯಲ್ಲಿ ಪಾಲೇ ಇಲ್ಲವೆಂದು ಹೇಳಲಾಗದು. ಮೇಲ್ಮೈಗೆ ಅಂಟಿ ಹರಿಯುವ ತೆಳುಪದರದಲ್ಲಿ ಅದೂ ಇದೆ. ಆದರೆ ಮೊಂಡು ಕೋಶದ ಮುಂದಿನ ಉರಿಗೆ ಮೂಲ ಕಾರಣ ಅದುಮುವಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೦ರ ದಶಕದಿಂದ ಆಘಾತ ತರಂಗ ಸುರಂಗಗಳಲ್ಲಿ ಇಂಥ ಹರಿವನ್ನು ಕೃತಕವಾಗಿ ಉಂಟುಮಾಡಿ ಅಳೆಯುತ್ತ ಬಂದಿದ್ದಾರೆ. ಒಂದೊಂದು ಪ್ರಯೋಗಕ್ಕೆ ದೊರೆಯುವ ಅವಧಿ ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸು. ಅರ್ಧ ಶತಮಾನದಷ್ಟು ಕಾಲ ಕನ್ನಡನಾಡಿನ ನೆಲದ ಮೇಲೆ ನಡೆದ ಈ ಅಳತೆಗಳ ಫಲ ನಮ್ಮ ಕನ್ನಡ ವಾಕ್ಯಕ್ಕೆ ಇನ್ನೂ ತಲುಪಿಲ್ಲ.

ತಲುಪಿಸಲು ಬೇಕಾದ ಪದಗಳು ನಮ್ಮಲ್ಲಿಲ್ಲವೇ? ‘ಅದುಮು’ ಇದೆ. ಕಾವ್ಯಗಳ ಸೇನಾವರ್ಣನೆಗಳಲ್ಲಿ ನಾವು ಪಾಠ ಹೇಳುವ ‘ಇಟ್ಟಣಿಸು’ ಇದೆ. ದಿನಬಳಕೆಯ ‘ದಟ್ಟಣೆ’ ಇದೆ. ತೇರಿನ ದಿನ ಮುಂದಿನವರು ನಿಂತು ಹಿಂದಿನವರು ಒತ್ತಿದಾಗ ಆಗುವ ದಟ್ಟಣೆಯನ್ನು ಕಂಡ ಹುಡುಗನಿಗೆ ‘ನೌಕೆಯ ಮುಂದೆ ಇಟ್ಟಣಿಸಿದ ಗಾಳಿ ಅದುಮಿಕೊಂಡು ಕಾಯುತ್ತದೆ’ ಎಂಬ ವಾಕ್ಯ ಕಠಿಣವಾಗಲಾರದು. ಆ ವಾಕ್ಯದಿಂದ ಅವನು ಮಾಡುವ ಊಹೆಯೂ ಸರಿಯಾಗಿರುತ್ತದೆ: ದಟ್ಟಣೆ ತನ್ನಿಂದ ಎಷ್ಟು ದೂರ ನಿಂತರೆ ಅಷ್ಟು ಕ್ಷೇಮ.

೩

ಎರಡನೆಯದು ‘ಕವಚ’. ಗದುಗಿನ ಭಾರತವನ್ನು ಓದಿದ ನಾಡಿನಲ್ಲಿ ಕವಚವೆಂದೊಡನೆ ನೆನಪಾಗುವುದು ಕರ್ಣನ ಸಹಜಕವಚ. ಅದು ಇರುವವರೆಗೆ ಅವನಿಗೆ ಅಳಿವಿಲ್ಲ. ಅದು ಮೈಯಿಂದ ಹೋದ ಮೇಲೆ ರಕ್ಷಣೆಯಿಲ್ಲ. ಹೀಗೆ ಕವಚವೆಂಬ ಪದ ತನ್ನೊಡನೆ ಅಭೇದ್ಯತೆಯ ಕಲ್ಪನೆಯನ್ನು ಹೊತ್ತು ತರುತ್ತದೆ. ‘ಉಷ್ಣ ಕವಚ’ ಎಂಬ ಪದವನ್ನು ಕಲಿತ ವಿದ್ಯಾರ್ಥಿ, ಮರಳಿ ಬಂದ ನೌಕೆಯ ಹೊರಮೈ ಸುಟ್ಟು, ಸವೆದು, ತೂಕ ಕಳೆದುಕೊಂಡಿರುವುದನ್ನು ಚಿತ್ರದಲ್ಲಿ ಕಂಡರೆ ಕವಚ ವಿಫಲವಾಯಿತೆಂದೇ ಊಹಿಸುತ್ತಾನೆ. ಈ ಊಹೆಯೂ ತಪ್ಪು. ಸವೆಯುವುದೇ ಅದರ ಕೆಲಸ.

ಎಸ್‌ಆರ್‌ಇ-೧ರಲ್ಲಿ ಎರಡು ಬಗೆಯ ರಕ್ಷಣೆ ಇತ್ತು. ಅತ್ಯಧಿಕ ಉರಿಯನ್ನು ಎದುರಿಸುವ ಮೂತಿಗೆ ಇಂಗಾಲದ ನಾರು ಮತ್ತು ಫೀನಾಲಿಕ್ ರಾಳಗಳಿಂದ ಮಾಡಿದ ಹೊದಿಕೆ. ಉಳಿದ ಭಾಗಕ್ಕೆ ಸಿಲಿಕಾ ಬಿಲ್ಲೆಗಳು. ಬಿಲ್ಲೆಗಳು ಬಿಸಿಯನ್ನು ಒಳಗೆ ಬಿಡದೆ ತಾವು ಹಾಗೆಯೇ ಉಳಿಯುತ್ತವೆ. ಮೂತಿಯ ಹೊದಿಕೆ ಹಾಗಲ್ಲ. ಬಿಸಿ ಏರಿದಂತೆ ಅದರೊಳಗಿನ ರಾಳ ಒಡೆದು ಅನಿಲವಾಗುತ್ತದೆ; ಒಡೆಯುವಾಗ ಉಷ್ಣವನ್ನು ಹೀರಿಕೊಳ್ಳುತ್ತದೆ. ಆ ಅನಿಲ ಹೊರಗೆ ನುಗ್ಗಿ ಮೇಲ್ಮೈಗೆ ಒತ್ತಿಬರುವ ಬಿಸಿಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಉಳಿದ ಇಂಗಾಲ ಕರಕಲು ಪದರವಾಗಿ ಮೇಲ್ಮೈಯಲ್ಲಿ ನಿಂತು, ತಾನು ಕೆಂಪಗೆ ಕಾದು, ಬಿಸಿಯ ಒಂದು ಪಾಲನ್ನು ಹೊರಕ್ಕೇ ಬೀರುತ್ತದೆ. ಕೊನೆಗೆ ಆ ಕರಕಲೂ ಸವೆಯುತ್ತ ಹೋಗುತ್ತದೆ. ಹೊರಟುಹೋದ ದ್ರವ್ಯ ತನ್ನೊಡನೆ ಉಷ್ಣವನ್ನು ಒಯ್ದಿರುವುದರಿಂದಲೇ ಒಳಗಿನವರು ಬದುಕುತ್ತಾರೆ.

ಈ ತತ್ತ್ವ ನಮ್ಮ ಜನಕ್ಕೆ ಅಪರಿಚಿತವಾದುದಲ್ಲ. ಬೇಸಗೆಯಲ್ಲಿ ಮಣ್ಣಿನ ಹರವಿಯ ನೀರು ತಂಪಾಗಿರುವುದು ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗಿ ಹೋಗುತ್ತ ಉಳಿದ ನೀರಿನ ಬಿಸಿಯನ್ನು ಒಯ್ಯುವುದರಿಂದ. ಹಂಚಿನ ಮೇಲಿನ ಜೋಳದ ರೊಟ್ಟಿಗೆ ನೀರು ಸವರುವ ತಾಯಂದಿರಿಗೂ ಆ ನೀರಿನ ತೇವ ಇರುವವರೆಗೆ ರೊಟ್ಟಿಯ ಮೇಲ್ಮೈ ಸೀಯುವುದಿಲ್ಲವೆಂಬುದು ತಿಳಿದಿದೆ. ಉಲ್ಕಾಶಿಲೆಗಳು ಇದೇ ಕ್ರಿಯೆಯ ನೈಸರ್ಗಿಕ ನಿದರ್ಶನ. ಮದ್ದೂರಿನ ಬಳಿ ೧೮೬೫ರಲ್ಲಿ, ಉಡುಪಿಯ ಬಳಿ ೧೮೬೬ರಲ್ಲಿ ಬಿದ್ದ ಕಲ್ಲುಗಳು ಉಲ್ಕಾಶಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿವೆ. ಹೊಸದಾಗಿ ಬಿದ್ದ ಉಲ್ಕಾಶಿಲೆಯ ಹೊರಮೈಯಲ್ಲಿ ಕರಗಿ ಹೆಪ್ಪುಗಟ್ಟಿದ ತೆಳುವಾದ ಕಪ್ಪು ತೊಗಟೆ ಇರುತ್ತದೆ; ಒಳಗಿನ ಕಲ್ಲು ಬಿಸಿಯ ಗುರುತೇ ಇಲ್ಲದೆ ಉಳಿದಿರುತ್ತದೆ.

ಸವೆಯುವ ಹೊದಿಕೆಯ ಲೆಕ್ಕ ಎಷ್ಟು ಸೂಕ್ಷ್ಮವೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ೧೯೯೫ರ ಡಿಸೆಂಬರ್ ೭ರಂದು ಗೆಲಿಲಿಯೊ ಶೋಧಕ ಗುರುಗ್ರಹದ ವಾತಾವರಣವನ್ನು ಸೆಕೆಂಡಿಗೆ ಸುಮಾರು ೪೭ ಕಿಲೋಮೀಟರ್ ವೇಗದಲ್ಲಿ ಹೊಕ್ಕಿತು. ಅದರ ಹೊದಿಕೆಯ ತೂಕ ೧೫೨ ಕಿಲೋಗ್ರಾಂ. ಅದರಲ್ಲಿ ಸುಮಾರು ೮೦ ಕಿಲೋಗ್ರಾಂ ಉರಿದುಹೋಯಿತು. ಮೂತಿಯ ತುದಿಯಲ್ಲಿ ನಿರೀಕ್ಷೆಗಿಂತ ಕಡಿಮೆ ಸವೆತ, ಅಂಚಿನ ಭುಜಗಳಲ್ಲಿ ನಿರೀಕ್ಷೆಗಿಂತ ಹೆಚ್ಚು ಸವೆತ ಕಂಡುಬಂದಿತು. ಇನ್ನೊಂದು, ೨೦೨೨ರ ಡಿಸೆಂಬರ್ ೧೧ರಂದು ಚಂದ್ರನ ಕಡೆಯಿಂದ ಜನರಿಲ್ಲದೆ ಮರಳಿದ ಒರಾಯನ್ ನೌಕೆ. ಅದರ ಹೊದಿಕೆಯಿಂದ ನೂರಕ್ಕೂ ಹೆಚ್ಚು ಕಡೆ ಕರಕಲು ಚೂರುಗಳು ನಿರೀಕ್ಷೆ ಮೀರಿ ಕಿತ್ತುಹೋಗಿದ್ದವು. ಒಳಗೆ ಹುಟ್ಟಿದ ಅನಿಲಕ್ಕೆ ಹೊರಬರಲು ಸಾಕಷ್ಟು ದಾರಿಯಿರದೆ ಒತ್ತಡ ಹೆಚ್ಚಿ ಪದರ ಬಿರುಕುಬಿಟ್ಟಿತೆಂದು ತನಿಖೆಯ ಬಳಿಕ ೨೦೨೪ರ ಡಿಸೆಂಬರಿನಲ್ಲಿ ನಾಸಾ ತಿಳಿಸಿತು. ಹಂಚಿನ ಮೇಲೆ ರೊಟ್ಟಿ ಉಬ್ಬುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ತೂತಿದ್ದರೆ ಹಬೆ ಸೋರಿ ರೊಟ್ಟಿ ಉಬ್ಬದು. ದಾರಿ ಮುಚ್ಚಿದರೆ ಉಬ್ಬುತ್ತದೆ, ಮಿತಿಮೀರಿದರೆ ಒಡೆಯುತ್ತದೆ. ರೊಟ್ಟಿಗೆ ಉಬ್ಬುವುದು ಗುಣ, ಹೊದಿಕೆಗೆ ದೋಷ.

ಇಂಥ ವಸ್ತುವನ್ನು ಯಾವ ಪದದಿಂದ ಕರೆಯಬೇಕು? ಸಂಸ್ಕೃತದ ಉಪಸರ್ಗ ಹಚ್ಚಿ ‘ಅಪಕ್ಷರಣ’ದಂಥ ಹೊಸ ಪದವನ್ನು ಕಟ್ಟಬಹುದು, ಆದರೆ ಅದನ್ನು ಮೊದಲ ಬಾರಿಗೆ ಕೇಳಿದವನಿಗೆ ಯಾವ ಊಹೆಯೂ ಹೊಳೆಯದು. ‘ಸವಕಳಿ’ ಎಂದರೆ ಮಣ್ಣಿನ ಸವಕಳಿ ನೆನಪಾಗುತ್ತದೆ. ಕ್ರಿಯೆಗೆ ‘ಉರಿಸವೆತ’ ಎಂಬುದು ಸಾಕೆನಿಸುತ್ತದೆ. ವಸ್ತುವಿಗೆ ‘ಪೊರೆ’ ಎಂಬ ಪದವನ್ನು ವಿದ್ವಾಂಸರ ಪರಿಶೀಲನೆಗೆ ಇಡಬಯಸುತ್ತೇನೆ. ನಾಮಪದವಾಗಿ ಪೊರೆ ಎಂದರೆ ತೆಳುಪದರ, ಹಾವು ಕಳಚುವ ಹೊರಚರ್ಮ. ಕ್ರಿಯಾಪದವಾಗಿ ಪೊರೆ ಎಂದರೆ ಕಾಪಾಡು, ಸಲಹು. ಇವೆರಡೂ ಒಂದೇ ಮೂಲದವೆಂದು ಇಲ್ಲಿ ವಾದಿಸುತ್ತಿಲ್ಲ. ನಿಘಂಟುಕಾರರು ಇವನ್ನು ಬೇರೆ ಬೇರೆಯಾಗಿಯೇ ಇಡುತ್ತಾರೆ. ಆದರೆ ಕಿವಿಗೆ ಒಂದಾಗಿ ಕೇಳುವ ಈ ಎರಡು ಅರ್ಥಗಳು, ಕಳಚಿ ಹೋಗುತ್ತಲೇ ಕಾಪಾಡುವ ಹೊದಿಕೆಯಲ್ಲಿ ಕೂಡಿಬರುತ್ತವೆ. ಬೀಸುಕಲ್ಲು, ಕಡೆಗೋಲು, ಸುಡುಗಾಡುಗಳ ಮಾದರಿಯಲ್ಲಿ ಇದನ್ನು ‘ಸವೆಪೊರೆ’ ಎನ್ನ���ಹುದು. ಆದೇಶಸಂಧಿಯ ಪ್ರಕಾರ ‘ಸವೆವೊರೆ’ ಆಗಬೇಕೆಂದು ಶಬ್ದಮಣಿದರ್ಪಣವನ್ನು ಪಾಠ ಹೇಳುವವರು ಆಕ್ಷೇಪಿಸಬಹುದು. ವಿದ್ಯಾರ್ಥಿಗೆ ಪದದ ಅಂಗಗಳು ಕಾಣಲೆಂದು ಸಂಧಿಯನ್ನು ಬಿಟ್ಟಿದೆ. ಸಿಲಿಕಾ ಬಿಲ್ಲೆಗಳಂಥ ಸವೆಯದ ರಕ್ಷಣೆಗೆ ‘ಕವಚ’ ಧಾರಾಳವಾಗಿ ಉಳಿಯಲಿ. ಆಗ ಎಸ್‌ಆರ್‌ಇ-೧ರ ಮೂತಿಗೂ ಮೈಗೂ ಇದ್ದ ವ್ಯತ್ಯಾಸ ಕನ್ನಡದಲ್ಲಿಯೇ ತೋರುತ್ತದೆ.

೪

ಮೂರನೆಯದು ‘ವಿಕಿರಣ’. ಶಾಲೆಯ ಪಠ್ಯದಲ್ಲಿ ಉಷ್ಣ ಹರಡುವ ಮೂರು ಬಗೆಗಳಾಗಿ ವಹನ, ಸಂವಹನ, ವಿಕಿರಣಗಳನ್ನು ಕಲಿಸುತ್ತೇವೆ. ಆದರೆ ಶಾಲೆಯ ಹೊರಗೆ ‘ವಿಕಿರಣ’ ಎಂದರೆ ಅಣುಸ್ಥಾವರದ ಸೋರಿಕೆ, ಕ್ಷಕಿರಣ, ಕ್ಯಾನ್ಸರ್ ಚಿಕಿತ್ಸೆ. ‘ಸಂವಹನ’ದ ಪಾಡು ಇನ್ನೂ ವಿಚಿತ್ರ. ಸಮೂಹ ಸಂವಹನ, ಸಂವಹನ ಕೌಶಲ ಎಂದು ನಮ್ಮ ಭಾಷಾವಿಭಾಗಗಳೇ ಅದನ್ನು ಮಾತಿನ ಲೋಕಕ್ಕೆ ಒಯ್ದಿವೆ. ಅದಕ್ಕೆ ಉಷ್ಣದೊಡನೆ ಸಂಬಂಧವಿತ್ತೆಂಬುದು ಮರೆತೇಹೋಗಿದೆ. ಹೀಗಿರುವಾಗ, ಮರಳುವ ನೌಕೆಯ ಮುಂದೆ ತೀವ್ರವಾದ ವಿಕಿರಣ ಉಂಟಾಗುತ್ತದೆ ಎಂದು ಓದಿದ ವಿದ್ಯಾರ್ಥಿ, ಸಮುದ್ರದಿಂದ ಎತ್ತಿ ತಂದ ಕೋಶವನ್ನು ಮುಟ್ಟಬಾರದೇನೋ ಎಂದು ಊಹಿಸಿದರೆ ತಪ್ಪು ಅವನದಲ್ಲ.

ಇಲ್ಲಿ ಹೇಳಬೇಕಾದ ಸಂಗತಿ ಬೇರೆ. ಕಾದ ಗಾಳಿ ನೌಕೆಯನ್ನು ಎರಡು ಬಗೆಯಲ್ಲಿ ಸುಡುತ್ತದೆ. ಮೈಗೆ ತಾಗಿ ಹರಿದು ಸುಡುವುದು ಒಂದು. ತಾಗದೆ, ತಾನು ಬೆಳಗುತ್ತ, ಆ ಬೆಳಕಿನ ಮೂಲಕ ಸುಡುವುದು ಇನ್ನೊಂದು. ಕಕ್ಷೆಯಿಂದ ಮರಳುವ ಕೋಶಗಳಿಗೆ ಮೊದಲನೆಯದೇ ಮುಖ್ಯ. ವೇಗ ಹೆಚ್ಚಿದಂತೆ ಎರಡನೆಯದು ಅದಕ್ಕಿಂತ ಬಹುವೇಗವಾಗಿ ಬೆಳೆಯುತ್ತದೆ. ಚಂದ್ರನಿಂದ ಮರಳುವ ವೇಗಕ್ಕೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಪಾಲಾಗುತ್ತದೆ. ಗೆಲಿಲಿಯೊ ಶೋಧಕದ ವೇಗದಲ್ಲಿ ಅದೇ ಪ್ರಧಾನ. ಅಪೊಲೊ ಯಾನಗಳಿಗೆ ಮುನ್ನ, ೧೯೬೪ರಲ್ಲಿ ಮತ್ತು ೧೯೬೫ರಲ್ಲಿ ‘ಫೈರ್’ ಎಂಬ ಹೆಸರಿನ ಎರಡು ಪ್ರಯೋಗಗಳನ್ನು ನಾಸಾ ನಡೆಸಿತು. ಬೆಳಕಿನ ಮೂಲಕ ಬರುವ ಈ ಬಿಸಿಯನ್ನು ಬೇರೆಯಾಗಿ ಅಳೆಯುವುದು ಅವುಗಳ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಎರಡನ್ನೂ ಬೇರ್ಪಡಿಸಿ ತಿಳಿಯುವುದು ಏಕೆ ಅಗತ್ಯವೆಂದರೆ, ಅವು ಬೇಡುವ ಆಕಾರಗಳು ಬೇರೆ. ಮೂತಿ ಮೊಂಡಾದಷ್ಟೂ ತಾಗಿ ಸುಡುವ ಬಿಸಿ ಕಡಿಮೆಯಾಗುತ್ತದೆ. ಆದರೆ ಮೊಂಡು ಮೂತಿಯ ಮುಂದೆ ಕಾದ ಗಾಳಿಯ ರಾಶಿ ದಪ್ಪವಾಗುವುದರಿಂದ ಬೆಳಗಿ ಸುಡುವ ಬಿಸಿ ಹೆಚ್ಚುತ್ತದೆ. ಅತಿವೇಗದ ನೌಕೆಯ ಆಕಾರವನ್ನು ನಿರ್ಧರಿಸುವವರು ಈ ಎರಡರ ನಡುವೆ ತೂಗಿನೋಡಬೇಕು. ಎರಡಕ್ಕೂ ‘ಉಷ್ಣ’ವೆಂಬ ಒಂದೇ ಪದ ಬಳಸುವ ಭಾಷೆಯಲ್ಲಿ ಈ ತೂಗುವಿಕೆಯನ್ನು ವಿವರಿಸಲಾಗದು.

ಎರಡನೆಯದಕ್ಕೆ ನಮ್ಮ ಕಡೆಯ ಮಾತಿನಲ್ಲಿ ಹೆಸರಿದೆ: ಝಳ. ಒಲೆಯ ಮುಂದೆ ಕೂತವರ ಮುಖಕ್ಕೆ ತಾಗುವುದು ಝಳ. ಕುಂಬಾರರ ಆವಿಗೆ ದೊಡ್ಡದಾದಷ್ಟೂ ಅದರ ಝಳ ಹೆಚ್ಚು, ನಿಲ್ಲಬೇಕಾದ ದೂರವೂ ಹೆಚ್ಚು. ನಡುವೆ ಒಂದು ತಡಿಕೆ ಹಿಡಿದರೆ ಝಳ ಕೂಡಲೇ ನಿಲ್ಲುತ್ತದೆ. ಬಿಸಿಗಾಳಿ ತಡಿಕೆಯನ್ನು ಬಳಸಿ ಬರುತ್ತದೆ. ಉರಿಯ ರಾಶಿ ದಪ್ಪವಾದಷ್ಟೂ ಝಳ ಹೆಚ್ಚೆಂಬ ಈ ಅನುಭವವೇ ಗೆಲಿಲಿಯೊ ಶೋಧಕದ ಮುಂದಿನ ಸಮಸ್ಯೆಯ ಸಾರವೂ ಹೌದು. ಝಳ ಶುದ್ಧ ದ್ರಾವಿಡ ಪದವೆಂದು ಹೇಳಲು ಹೊರಟಿಲ್ಲ. ಮರಾಠಿಯಲ್ಲಿಯೂ ಅದಿದೆ, ಅಲ್ಲಿ ಬಿಸಿಗಾಳಿಗೂ ಸಲ್ಲುತ್ತದೆ. ಆದ್ದರಿಂದ ಪಾರಿಭಾಷಿಕವಾಗಿ ಬಳಸುವಾಗ ‘ಉರಿಯುವ ಅಥವಾ ಕಾದ ವಸ್ತುವಿನಿಂದ ನಡುವಣ ಗಾಳಿಯ ನೆರವಿಲ್ಲದೆ ಬಂದು ತಾಗುವ ಬಿಸಿ’ ಎಂದು ಅದರ ಎಲ್ಲೆಯನ್ನು ಗೊತ್ತುಮಾಡಿಕೊಳ್ಳಬೇಕು. ಯಾವ ಭಾಷೆಯ ಪರಿಭಾಷೆಯಾದರೂ ಸಿದ್ಧವಾಗುವುದು ದಿನಬಳಕೆಯ ಪದಕ್ಕೆ ಇಂಥ ಎಲ್ಲೆ ಹಾಕುವುದರಿಂದಲೇ.

೫

ಈ ಪದಗಳನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯಿಂದ ಎತ್ತಿಕೊಂಡುದಕ್ಕೆ ಊರಿನ ಅಭಿಮಾನವೊಂದೇ ಕಾರಣವಲ್ಲ. ಕವಿರಾಜಮಾರ್ಗ ಕನ್ನಡದ ತಿರುಳನ್ನು ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ. ಇಂದಿನ ಲಕ್ಷ್ಮೇಶ್ವರವೇ ಆ ಪುಲಿಗೆರೆ. ಉಳಿದ ಮೂರು ಊರುಗಳು ಆ ಎಲ್ಲೆಯ ಒಳಗೆ ಅಥವಾ ಅಂಚಿನಲ್ಲಿವೆ. ೯೪೧ರಲ್ಲಿ ಪಂಪ ತನ್ನ ಭಾರತವನ್ನು ಪುಲಿಗೆರೆಯ ತಿರುಳುಗನ್ನಡದಲ್ಲಿ ರಚಿಸಿದೆನೆಂದು ಹೇಳಿಕೊಂಡ. ಪಕ್ಕದ ನರಗುಂದದ ಶ್ರೀಧರಾಚಾರ್ಯ ೧೦೪೯ರಲ್ಲಿ ‘ಜಾತಕತಿಲಕ’ವನ್ನು ಬರೆದು, ಅಂದಿನ ಮಟ್ಟಿಗೆ ಶಾಸ್ತ್ರವೆನಿಸಿದ್ದನ್ನು ಕನ್ನಡಕ್ಕೆ ತಂದ. ಅಂದರೆ ಕಾವ್ಯಕ್ಕೂ ಶಾಸ್ತ್ರಕ್ಕೂ ಬೇಕಾದ ಮಾತನ್ನು ಈ ನೆಲ ಒಮ್ಮೆ ಒದಗಿಸಿದೆ. ತಿರುಳುಗನ್ನಡದ ಬಗೆಗೆ ನಾವು ವರ್ಷವರ್ಷವೂ ವಿಚಾರಸಂಕಿರಣ ನಡೆಸುತ್ತೇವೆ. ಅದರ ಇಂದಿನ ಬಳಕೆ ಏನೆಂಬ ಪ್ರಶ್ನೆ ಅಲ್ಲಿ ಬರುವುದು ಅಪರೂಪ.

ಇದಕ್ಕೆ ಎರಡು ಆಕ್ಷೇಪಣೆಗಳಿವೆ. ಸಂಸ್ಕೃತಮೂಲದ ಪರಿಭಾಷೆ ನಾಡಿನ ಎಲ್ಲ ಕಡೆಗೂ ಒಂದೇ ರೀತಿಯಲ್ಲಿ ಸಲ್ಲುತ್ತದೆ, ಒಂದು ಪದದಿಂದ ಹತ್ತು ಪದಗಳನ್ನು ಸಾಧಿಸಬಹುದು. ಪ್ರಾದೇಶಿಕ ಪದಗಳಿಗೆ ಈ ಎರಡೂ ಸೌಕರ್ಯವಿಲ್ಲ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ವಹನ, ತರಂಗ, ಕಕ್ಷೆ, ವೇಗ ಇವು ತಮ್ಮ ಕೆಲಸವನ್ನು ಚೆನ್ನಾಗಿ ಮಾಡುತ್ತಿವೆ, ಅವನ್ನು ಕದಲಿಸಬೇಕಿಲ್ಲ. ‘ಘರ್ಷಣೆ’ಯೂ ಬ್ರೇಕು, ಚಕ್ರಗಳ ಪಾಠದಲ್ಲಿ ಸರಿಯಾದ ಪದವೇ. ಎರಡನೆಯ ಆಕ್ಷೇಪಣೆ, ಇದು ಸಂಸ್ಕೃತವನ್ನು ದೂರವಿಟ್ಟು ಕಾವ್ಯ ಕಟ್ಟಿದ ಆಂಡಯ್ಯನ ದಾರಿಯಲ್ಲವೇ ಎಂಬುದು. ಕನ್ನಡಕ್ಕೆ ಕನ್ನಡದ್ದೇ ಪದಗಳು ಬೇಕೆಂದು ಡಿ. ಎನ್. ಶಂಕರ ಭಟ್ಟರು ಮಾಡಿದ ವಾದದ ಋಣವನ್ನು ಒಪ್ಪಿಕೊಳ್ಳುತ್ತಲೇ, ಇಲ್ಲಿಯ ನಿಲುವು ಅದಕ್ಕಿಂತ ಬೇರೆ ಎಂದು ಸ್ಪಷ್ಟಪಡಿಸಬೇಕು. ಪದದ ಕುಲವನ್ನು ಇಲ್ಲಿ ವಿಚಾರಿಸುತ್ತಿಲ್ಲ. ಅದರಿಂದ ಹುಟ್ಟುವ ಊಹೆಯನ್ನು ಮಾತ್ರ ಪರೀಕ್ಷಿಸಲಾಗುತ್ತಿದೆ. ಈ ಪರೀಕ್ಷೆಯಲ್ಲಿ ‘ತರಂಗ’ ಗೆಲ್ಲುತ್ತದೆ, ‘ಘರ್ಷಣೆ’ ಈ ಒಂದು ಸಂದರ್ಭದಲ್ಲಿ ಸೋಲುತ್ತದೆ, ಮರಾಠಿಗೂ ಸೇರಿದ ‘ಝಳ’ ಗೆಲ್ಲುತ್ತದೆ. ಕೇಶಿರಾಜ ಅರಿಸಮಾಸವನ್ನು ನಿಷೇಧಿಸಿದರೂ ರೂಢಿಯಲ್ಲಿ ನಿಂತ ಪ್ರಯೋಗಗಳಿಗೆ ಎಡೆಮಾಡಿಕೊಟ್ಟದ್ದನ್ನು ಇಲ್ಲಿ ನೆನೆಯಬಹುದು.

ಪದ ತಪ್ಪಿದರೆ ಆಗುವ ನಷ್ಟ ಯಾರಿಗೆ? ನಗರದ ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿಗೆ ಅಲ್ಲ. ಮುಂಡರಗಿಯ ಅಥವಾ ಶಿರಹಟ್ಟಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿನಿ ‘ಘರ್ಷಣೆಯಿಂದ’ ಎಂದು ಬರೆದು ಪೂರ್ಣ ಅಂಕ ಪಡೆಯುತ್ತಾಳೆ. ಮುಂದೆ ಇಂಜಿನಿಯರಿಂಗ್ ತರಗತಿಯಲ್ಲಿ ಆಘಾತ ತರಂಗದ ಪಾಠ ಬಂದಾಗ, ತಾನು ಕಲಿತದ್ದು ತಪ್ಪೆಂದು ತಿಳಿಯುತ್ತದೆ. ತಪ್ಪು ಪದದ್ದೆಂದು ಅವಳಿಗೆ ಹೇಳುವವರಿಲ್ಲ; ಕನ್ನಡದಲ್ಲಿ ಕಲಿತದ್ದೇ ತಪ್ಪಾಯಿತೆಂದು ಅವಳು ತೀರ್ಮಾನಿಸುತ್ತಾಳೆ. ಕನ್ನಡ ಮಾಧ್ಯಮದ ಮೇಲಿನ ನಂಬಿಕೆ ಹೀಗೆ ಒಂದೊಂದೇ ಪದದಲ್ಲಿ ಕುಸಿಯುತ್ತದೆ. ಅದನ್ನು ನಿರ್ಣಯಗಳಿಂದ ಮರಳಿ ತರಲಾಗದು.

೬

ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ನಿರ್ದಿಷ್ಟವಾಗಿದೆ. ಬೆಂಕಿಯೊಡನೆ ದುಡಿಯುವ ವೃತ್ತಿಗಳಾದ ಕುಂಬಾರರ ಆವಿಗೆ, ಕಮ್ಮಾರರ ಕುಲುಮೆ, ಅಕ್ಕಸಾಲಿಗರ ಮೂಸೆ, ಇಟ್ಟಿಗೆಯ ಭಟ್ಟಿ, ಇವುಗಳ ಮಾತನ್ನು ಈ ನಾಲ್ಕು ಊರುಗಳಲ್ಲಿ ಕ್ರಮವಾಗಿ ಸಂಗ್ರಹಿಸಬೇಕು. ವೃತ್ತಿಪದಕೋಶಗಳು ನಮ್ಮಲ್ಲಿ ಬಂದಿವೆ. ಅವು ಹೆಚ್ಚಾಗಿ ಉಪಕರಣಗಳ ಹೆಸರುಗಳನ್ನು ಕೂಡಿಸಿವೆ; ನಮಗೆ ಬೇಕಾದವು ಕ್ರಿಯಾಪದಗಳು. ಸೀಯು, ಹೊತ್ತು, ಕಮರು, ಕಾಯು, ಬೇಯು, ಕರಗು, ಸವೆ, ಉಬ್ಬು ಇವುಗಳ ನಡುವಣ ಅರ್ಥಭೇದವನ್ನು ದುಡಿಯುವವರ ಬಾಯಿಂದಲೇ ಕೇಳಿ ದಾಖಲಿಸಬೇಕು. ಸಂಶೋಧನ ವಿದ್ಯಾರ್ಥಿಯೊಬ್ಬನ ಮೂರು ವರ್ಷಗಳ ಶ್ರಮಕ್ಕೆ ಇದು ತಕ್ಕ ವಿಷಯ. ಕಾಲವೂ ಹೆಚ್ಚಿಲ್ಲ, ಆವಿಗೆ ಹೂಡುವವರ ಸಂಖ್ಯೆ ಇಳಿಯುತ್ತಿದೆ.

ಸಂಗ್ರಹಿಸಿದ ಪದಗಳನ್ನು ಅದೇ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕರೊಡನೆ ಕೂತು ಪರಿಶೀಲಿಸಬೇಕು. ಪ್ರತಿಯೊಂದು ಪದಕ್ಕೆ ಸಮಾನಪದವೊಂದನ್ನು ಕೊಟ್ಟು ಕೈತೊಳೆದುಕೊಳ್ಳದೆ, ಅದರ ಎಲ್ಲೆಯನ್ನು ಹೇಳುವ ಒಂದು ವಾಕ್ಯವನ್ನೂ ಪ್ರಯೋಗದ ಒಂದು ವಾಕ್ಯವನ್ನೂ ಕೊಡಬೇಕು. ಆಮೇಲೆ ತರಗತಿಯಲ್ಲಿ ಪರೀಕ್ಷಿಸಬೇಕು: ಒಂದೇ ವಿಷಯದ ಎರಡು ಪಾಠಗಳನ್ನು, ಒಂದನ್ನು ರೂಢಿಯ ಪರಿಭಾಷೆಯಲ್ಲಿ, ಇನ್ನೊಂದನ್ನು ಹೊಸದರಲ್ಲಿ, ಎರಡು ಗುಂಪುಗಳಿಗೆ ಕೊಟ್ಟು, ನೌಕೆಯ ಮೂತಿ ಹೇಗಿರಬೇಕು, ಸವೆದ ಹೊದಿಕೆ ಕೆಲಸ ಮಾಡಿತೇ ಇಲ್ಲವೇ, ಮರಳಿದ ಕೋಶವನ್ನು ಮುಟ್ಟಬಹುದೇ ಎಂದು ಕೇಳಬೇಕು. ಇಲ್ಲಿ ಮುಂದಿಟ್ಟ ‘ಸವೆಪೊರೆ’, ‘ಉರಿಸವೆತ’, ‘ಝಳ’ಗಳೂ ಈ ಪರೀಕ್ಷೆಗೆ ಒಳಗಾಗಲಿ, ಸೋತರೆ ಬಿಟ್ಟುಬಿಡೋಣ. ಮುದ್ರಣಾಲಯಗಳಿಗೆ ಹೆಸರಾದ ಗದಗಿನಲ್ಲಿ ಇಂಥದೊಂದು ಕಿರುಕೋಶವನ್ನು ಅಚ್ಚುಹಾಕಿಸುವುದು ಕಷ್ಟದ ಕೆಲಸವಾಗಲಾರದು.

ಗಗನಯಾನದ ಕೋಶ ಮನುಷ್ಯರನ್ನು ಹೊತ್ತು ಸಮುದ್ರಕ್ಕೆ ಇಳಿಯುವ ದಿನ ನಾಡಿನ ಎಲ್ಲ ತರಗತಿಗಳಲ್ಲಿ ಅದರ ಮಾತು ಬರುತ್ತದೆ. ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಅಂದು ಪಾಠ ಮಾಡುವ ಶಿಕ್ಷಕ ಬಹುಮಟ್ಟಿಗೆ ನಮ್ಮಲ್ಲಿಯೇ ಯಾರಾದರೊಬ್ಬರ ಬಳಿ ಕನ್ನಡ ಕಲಿತವನಾಗಿರುತ್ತಾನೆ. ಅವನ ಕೈಗೆ ಕೊಡಲು ಒಂದು ಪುಟದ ಪದಪಟ್ಟಿಯಾದರೂ ಅಷ್ಟರೊಳಗೆ ಸಿದ್ಧವಾಗಿರಬೇಕು.